ಬಿದ್ದ ಕಾಯಿ ಮಾಲಕರದ್ದು

೬ ಏಪ್ರಿಲ್, ಆದಿತ್ಯವಾರ

ಹೂಡೆಯ ದಿವಂಗತ ಮುಸ್ತಫಾರ ಮಗ ನಜೀಬ್ ಎಂಬ ನಾನು, ಉಡುಪಿಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ವ್ಯಾಪಾರ ಕಾನೂನು ಕಲಿಸುವವನು, ಹಾಲಿ ವಾಸ ಅಲೆವೂರಿನ ಬಾಡಿಗೆ ಮನೆ, ಸ್ವಸ್ಥ ಚಿತ್ತದಿಂದಲೂ ಯಾರ ಒತ್ತಾಯವೂ ಇಲ್ಲದೆಯೂ ಪ್ರಮಾಣ ಮಾಡಿ ಹೇಳುವುದೇನೆಂದರೆ: ಇಂದು ಬೆಳಿಗ್ಗೆ, ಸೂರ್ಯನೂ ಮಾಲಕರೂ ಬರುವುದಕ್ಕೆ ಮೊದಲು, ನಾನು ಒಂದು ತೆಂಗಿನಕಾಯಿ ಕದ್ದಿದ್ದೇನೆ.

ಕಾಯಿ ಬಿದ್ದದ್ದು ನಮ್ಮ ಹಿಂಬಾಗಿಲ ಎದುರು. ನನ್ನ ಕಾಲಿಗೆ ತಾಗಿದ್ದು. ಆದರೂ ಅದು ಕಳ್ಳತನವೇ. ನಾನು ಸಹಿ ಮಾಡಿದ ಕರಾರಿನಲ್ಲಿ ಸ್ಪಷ್ಟವಾಗಿ ಉಂಟು: "ಹಿತ್ತಿಲಿನ ತೆಂಗಿನ ಮರಗಳ ಫಸಲು, ಮರದಲ್ಲಿರುವುದಾಗಲಿ ಕೆಳಗೆ ಬಿದ್ದದ್ದಾಗಲಿ, ಮಾಲಕರಿಗೆ ಸೇರತಕ್ಕದ್ದು." ನಮ್ಮ ಊರಿನ ಮಾಲಕರು ಮನೆಯನ್ನು ಬಾಡಿಗೆಗೆ ಕೊಡುತ್ತಾರೆ, ತೆಂಗಿನ ಮರವನ್ನು ಕೊಡುವುದಿಲ್ಲ. ಮಡಲು ಬಿದ್ದರೆ ಎಳೆದು ಹಾಕುವವರು ನಾವು, ಕಸ ಗುಡಿಸುವವರು ನಾವು, ಕಾಯಿ ಮಾತ್ರ ಅವರದ್ದು. ತಲೆಯ ಮೇಲೆ ಬಿದ್ದರೆ? ಆಗಲೂ ಕಾಯಿ ಅವರದ್ದು, ತಲೆ ನಮ್ಮದು. ಬಾಡಿಗೆ ಅವರಿಗೆ, ಬಾಡಿಗೆ ಬೀಳುವ ಪೆಟ್ಟು ನಮಗೆ. (ಇದನ್ನು ನಾಳೆ ಸ್ಟಾಫ್ ರೂಮಿನಲ್ಲಿ ಹೇಳಬೇಕು. ಹಿಂದಿ ಮೇಡಮ್ಮಿಗೆ ಎರಡು ಸಲ ಹೇಳಬೇಕಾದೀತು.)

ನಮ್ಮ ಮಾಲಕರು ಲಿಯೋನೆಲ್ ಸರ್. ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮನೆ ಕಾಪುವಿನಲ್ಲಿ. ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಕಾರು ತೆಗೆದುಕೊಂಡು ಇಲ್ಲಿಗೆ ಬರುತ್ತಾರೆ, ಬಿದ್ದ ಕಾಯಿ ಹೆಕ್ಕಲು. ಇವತ್ತೂ ಬಂದರು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿತ್ತಿಲಲ್ಲಿ ಸುತ್ತಿ, ಹಿಂಬಾಗಿಲ ಎದುರು ನಿಂತರು.

"ರಾತ್ರಿ ಎಂತಾದರೂ ಶಬ್ದ ಕೇಳಿತಾ ಮಾಸ್ಟ್ರೇ?"

"ಇಲ್ಲ ಸರ್."

"ಇಲ್ಲಿ ಮಣ್ಣು ಹೊಂಡ ಬಿದ್ದ ಹಾಗೆ ಕಾಣ್ತದೆ."

"ಬೆಕ್ಕು ಸರ್."

ಅವರು ಹೊಂಡವನ್ನು ನೋಡಿದರು, ನನ್ನನ್ನು ನೋಡಿದರು. "ದೊಡ್ಡ ಬೆಕ್ಕು ಮಾರಾಯ್ರೇ," ಎಂದರು.

ಆ ಹೊತ್ತಿಗೆ ಬೆಕ್ಕಿನ ಹೆಂಡತಿ ಹಸ್ನಾ ಒಳಗೆ ಸಾಕ್ಷ್ಯನಾಶ ಮಾಡುತ್ತಿದ್ದಳು, ಬಂಗುಡೆ ಸಾರಿಗೆ ಅರೆದು. ಮಧ್ಯಾಹ್ನ ಉಮ್ಮ ಎರಡು ಸಲ ಬಡಿಸಿಕೊಂಡರು. "ಪೊರ್ಬುಗಳ ಕಾಯಿಗೆ ರುಚಿ ಜಾಸ್ತಿ," ಎಂದರು. ಪೊರ್ಬುಗಳೆಂದರೆ ನಮ್ಮ ಕಡೆ ಕ್ರಿಶ್ಚಿಯನ್ನರು. ಉಮ್ಮ ಆಸಿಯಮ್ಮ ಅರವತ್ತು ವರ್ಷ ಹೂಡೆಯಲ್ಲಿ ಹೊಳೆ ನೋಡಿಕೊಂಡು ಇದ್ದವರು. ಕಳೆದ ವರ್ಷ ಬಿದ್ದು ಸೊಂಟದ ಕೀಲು ಬದಲಿಸಬೇಕಾಯಿತು. ಮಣಿಪಾಲದ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದುಕೊಂಡು ಹೋಗಲು ಹತ್ತಿರವಾಗಲಿ ಎಂದು ಈ ಮನೆ.

ಈ ಮನೆಯೂ ಸುಲಭದಲ್ಲಿ ಸಿಕ್ಕಿದ್ದಲ್ಲ. ಫೋನಿನಲ್ಲಿ "ಬನ್ನಿ, ಬನ್ನಿ, ನಿಮ್ಮ ಮನೆಯೇ" ಎಂದವರು ನನ್ನ ಹೆಸರು ಕೇಳಿದ ಮೇಲೆ "ನನ್ನ ತಮ್ಮ ಬರ್ತಾನಂತೆ" ಎನ್ನುತ್ತಿದ್ದರು. ಕರಾವಳಿಯ ಇಷ್ಟೊಂದು ತಮ್ಮಂದಿರು ಒಟ್ಟಿಗೇ ಊರಿಗೆ ವಾಪಸು ಬರುವವರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ತಮ್ಮನಿಲ್ಲದ ಮಾಲಕರು ಸಿಕ್ಕಿದ್ದು ಒಬ್ಬರೇ, ಲಿಯೋನೆಲ್ ಸರ್.

೯ ಏಪ್ರಿಲ್

ಇಂದು ಫಸಲು ಉಮ್ಮನ ಕೋಣೆಯ ಮೇಲೆ ಬಿತ್ತು.

ಹಿಂದಿನ ಕೋಣೆಯ ಹೊರಗೆ ಒಂದು ಹಳೆಯ ಮರ ಉಂಟು, ಮಾಡಿನ ಕಡೆಗೆ ಓರೆಯಾಗಿ. ಅದರ ಕಾಯಿಗೆ ನೆಲ ಸಿಗುವುದಿಲ್ಲ, ಹಂಚೇ ಸಿಗುವುದು. ಎರಡು ಹಂಚು ಪುಡಿಯಾಗಿ ಉಮ್ಮನ ಹಾಸಿಗೆಯ ಮೇಲೆ ಬಿದ್ದಿದೆ. ಉಮ್ಮ ಆಗ ವಾಕರ್ ಹಿಡಿದುಕೊಂಡು ಬಚ್ಚಲಿಗೆ ಹೋಗಿದ್ದರು. ಬಂದು ನೋಡಿ, "ಆಕಾಶ ಕಾಣ್ತದೆ," ಎಂದರಂತೆ.

ನಾನು "ಛಾವಣಿಗೂ ಕಿಟಕಿ ಬೇಕಲ್ವಾ ಉಮ್ಮ" ಎಂದೆ. ಉಮ್ಮ ನಕ್ಕರು. ಹಸ್ನಾ ನಗಲಿಲ್ಲ. ಅವಳು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಮರದ ಬುಡ ತೋರಿಸಿದಳು. ಒಂದು ತೂತು. ಅದರಿಂದ ಕಂದು ಹುಡಿ ಉದುರುತ್ತಿದೆ. ಕೆಂಪು ಮೂತಿಯ ಹುಳ ಒಳಗೆ ತಿನ್ನುತ್ತಿದೆಯಂತೆ. ಅವಳ ಅಪ್ಪನ ತೋಟದಲ್ಲಿ ಹೀಗೇ ಆದ ಮರ ಒಂದು ಗಾಳಿಗೇ ಹೋಯಿತಂತೆ.

ಊಟದ ಹೊತ್ತಿಗೆ ನಾನು ಅವಳಿಗೆ ಕಾನೂನು ವಿವರಿಸಿದೆ. ವಾಸಕ್ಕೆಂದು ಕೊಟ್ಟ ಮನೆಯನ್ನು ವಾಸಕ್ಕೆ ಯೋಗ್ಯವಾಗಿ ಇಡುವುದು ಮಾಲಕನ ಹೊಣೆ. ಬಲ್ಬು, ನಲ್ಲಿಯ ವಾಷರ್ ಮುಂತಾದ ಸಣ್ಣಪುಟ್ಟದ್ದು ನಮ್ಮದು. ಮಾಡು, ಗೋಡೆ, ಮೈಮೇಲೆ ಬೀಳಲಿರುವ ಮರ ಅವನದು. ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮನೆ ಖಾಲಿ ಮಾಡಿಸಲೆಂದು ನೀರು, ಕರೆಂಟು ತೆಗೆಯುವ ಹಾಗೂ ಇಲ್ಲ.

"ಹಾಗಾದರೆ ಹೇಳಿ," ಎಂದಳು.

"ಹೇಳಿದೆನಲ್ಲ."

"ನನಗಲ್ಲ. ಅವರಿಗೆ."

ಫೋನ್ ಮಾಡಿದೆ. ಹಂಚಿನ ವಿಷಯ ಹೇಳಿದೆ. "ಹಂಚು ಸಣ್ಣ ರಿಪೇರಿ ಅಲ್ವಾ ಮಾಸ್ಟ್ರೇ? ನೀವೇ ಹಾಕಿಸಿಬಿಡಿ," ಎಂದರು. ಫೋನ್ ಇಡುವ ಮೊದಲು, "ಕಾಯಿ ಒಡೆಯಲಿಲ್ಲ ಅಲ್ವಾ?" ಎಂದರು. ಹಂಚು ಹಾಕಿಸಿದೆ. ಮರದ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ, ಮುಖತಃ ಹೇಳಬೇಕು.

೨೦ ಏಪ್ರಿಲ್, ಆದಿತ್ಯವಾರ

ಈಸ್ಟರ್. ಲಿಯೋನೆಲ್ ಸರ್ ಮತ್ತು ಅವರ ಹೆಂಡತಿ ಗ್ಲ್ಯಾಡಿಸ್ ಬಾಯಿ ಕೇಕ್ ತಂದರು. ರಂಜಾನ್ ಪೆರ್ನಾಲಿಗೆ, ಅಂದರೆ ನಮ್ಮ ಹಬ್ಬಕ್ಕೆ, ನಾವು ಕಳಿಸಿದ ಬಿರಿಯಾನಿಗೆ ಪ್ರತಿಯಾಗಿ. ಕೇಕಿನಲ್ಲಿ ದ್ರಾಕ್ಷಿ ಧಾರಾಳ.

ಉಮ್ಮನ ಮಂಚದ ಬಳಿ ಕುರ್ಚಿ ಹಾಕಿಕೊಂಡು ಸರ್ ಬಹಳ ಹೊತ್ತು ಕುಳಿತರು. ಹೊರಡುವಾಗ ಅಂಗಳದಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು ದನಿ ಇಳಿಸಿದರು.

"ಇಲ್ಲಿ ಕೆಲವರು ನನ್ನಲ್ಲಿ ಕೇಳಿದ್ದುಂಟು ಮಾಸ್ಟ್ರೇ. ಅವರಿಗೆ ಯಾಕೆ ಕೊಟ್ಟಿರಿ ಅಂತ. ನಾನು ಹೇಳಿದೆ, ನನ್ನ ಮನೆ, ನನ್ನ ಇಷ್ಟ. ಬಾಯಿ ಮುಚ್ಚಿಸಿಬಿಟ್ಟೆ."

"ನಿಮ್ಮ ದೊಡ್ಡ ಮನಸ್ಸು ಸರ್."

ಹಸ್ನಾ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಮರ ತೋರಿಸುತ್ತಿದ್ದಳು. ನಾನು ಕಣ್ಣಿನಲ್ಲೇ ಕೇಕ್ ತೋರಿಸಿದೆ. ಅವರ ದೇವರು ಎದ್ದು ಬಂದ ದಿನ ನಮ್ಮ ಮರ ಬೀಳುವ ಮಾತು ಆಡುವುದು ಸಭ್ಯತೆಯಲ್ಲ.

ಅವರು ಹೋದ ಮೇಲೆ ಹಸ್ನಾ ನಮ್ಮ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದಳು. ಕನ್ನಡಕ್ಕೆ ತಂದರೆ ಖಾರವೆಲ್ಲ ಸೋರಿಹೋಗುತ್ತದೆ. ಸಾರಾಂಶ: ನಾಲಿಗೆ ನನಗೆ ಕೊಟ್ಟದ್ದು ಕೇಕ್ ತಿನ್ನುವುದಕ್ಕೆ ಮಾತ್ರವಂತೆ.

೨ ಮೇ

ನಿನ್ನೆ ಸಂಜೆ ಗಾಳಿ, ಗುಡುಗು, ನಾಲ್ಕು ಹನಿ. ಮರ ಇನ್ನೂ ಒಂದು ಗೇಣು ಓರೆಯಾಗಿದೆ ಎನ್ನುತ್ತಾಳೆ ಹಸ್ನಾ. ನನಗೆ ಹಾಗೆ ಕಾಣುವುದಿಲ್ಲ. ಅವಳ ಕುತ್ತಿಗೆಯೇ ಓರೆಯಾಗಿರಬೇಕು, ದಿನವಿಡೀ ಅದನ್ನೇ ನೋಡಿ.

ಉಮ್ಮ ಹೇಳುತ್ತಾರೆ, "ಮರ ಕೆಮ್ಮುತ್ತದೆ ಮಗಾ." ಗಾಳಿ ಬಂದಾಗ ಒಳಗಿನಿಂದ ಖೊಕ್ ಖೊಕ್ ಎನ್ನುತ್ತದಂತೆ.

ಮಂಚವನ್ನು ಚಾವಡಿಗೆ ತರುವ ಎಂದೆವು. ಉಮ್ಮ ಒಪ್ಪಲಿಲ್ಲ. ಆ ಕೋಣೆಗೆ ತಾಗಿಯೇ ಬಚ್ಚಲು, ಕಮೋಡು. ಹೊಸಿಲಿಲ್ಲ. ವಾಕರ್ ತಡೆಯದೆ ಹೋಗುತ್ತದೆ. ಚಾವಡಿಯಿಂದ ಅಲ್ಲಿಗೆ ಎರಡು ಹೊಸಿಲು, ಒಂದು ಮೆಟ್ಟಿಲು. "ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗುತ್ತೇನೆ ನಾನು. ಅದೊಂದು ನನಗೆ ಬಿಡಿ," ಎಂದರು. ಆಪರೇಷನ್ ಆದಮೇಲೆ ಅವರು ಬಾಯಿ ಬಿಟ್ಟು ಕೇಳಿದ್ದು ಇದೊಂದೇ.

ಕ್ಲಾಸಿನಲ್ಲಿ ಇವತ್ತು ಬಾಡಿಗೆಯ ಪಾಠವೇ ಬಂತು. ಉತ್ಸಾಹದಿಂದ ಮಾಡಿದೆ. ಮುಂದಿನ ಬೆಂಚಿನ ಜೆನಿಟಾ ಎದ್ದು ನಿಂತು, "ಸರ್, ಬಾಡಿಗೆದಾರ ಮಾಲಕನಿಗೆ ಹೇಳದೇ ಇದ್ದರೆ?" ಎಂದು ಕೇಳಿದಳು.

"ಹೇಳದ ಬಾಡಿಗೆದಾರನಿಗೆ ಕಾನೂನು ಏನು ಹೇಳೀತಮ್ಮಾ?" ಎಂದೆ. ಎಲ್ಲರೂ ನಕ್ಕರು. ಒಳ್ಳೆಯ ಕ್ಲಾಸು.

ಹಸ್ನಾ ತಾನೇ ಫೋನ್ ಮಾಡುತ್ತೇನೆ ಎಂದು ಹೊರಟಿದ್ದಳು. ಕರಾರಿನಲ್ಲಿ ಸಹಿ ನನ್ನದು, ಮಾತೂ ನನ್ನದೇ ಇರಲಿ ಎಂದೆ. ಈ ಆದಿತ್ಯವಾರ ಅಲ್ಲ, ಮುಂದಿನ ಆದಿತ್ಯವಾರ ಕಾಪುವಿಗೆ ಹೋಗುವುದೆಂದು ತೀರ್ಮಾನ.

೧೧ ಮೇ, ಆದಿತ್ಯವಾರ

ಇತಿಹಾಸದಲ್ಲಿ ಬರೆದಿಡಬೇಕಾದ ದಿನ. ಸದ್ಯಕ್ಕೆ ಈ ಪುಸ್ತಕದಲ್ಲಿ ಬರೆಯುತ್ತೇನೆ.

ಸ್ಕೂಟರಿನಲ್ಲಿ ಕಾಪುವಿಗೆ ಹೋದೆ. ಲಿಯೋನೆಲ್ ಸರ್ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ.

"ಸರ್, ಹಿಂದಿನ ಮರ ಕಡಿಸಬೇಕು. ಬುಡ ಹುಳ ತಿಂದಿದೆ. ಅದರ ಕೆಳಗೆ ನನ್ನ ಉಮ್ಮ ಮಲಗುತ್ತಾರೆ."

"ತೆಂಗು ಅಂದ ಮೇಲೆ ಸ್ವಲ್ಪ ಓರೆ ಇರ್ತದೆ ಮಾಸ್ಟ್ರೇ."

"ಇರಲಿ ಸರ್. ಅದು ನಿಮ್ಮ ಮಂಚದ ಕಡೆಗೆ ಓರೆಯಾಗಿದ್ದರೆ ನಾನು ಮಾತಾಡುತ್ತಿರಲಿಲ್ಲ."

ಅವರು ಪೇಪರ್ ಮಡಚಿದರು. "ಒಳ್ಳೆ ಕಾಯಿ ಬಿಡುವ ಮರ ಮಾರಾಯ್ರೇ. ಕರಾರಿನಲ್ಲಿ ಫಸಲು ನನ್ನದು ಅಂತ ಉಂಟಲ್ಲ?"

"ಉಂಟು. ಬಿದ್ದದ್ದೆಲ್ಲ ನಿಮ್ಮದು ಅಂತಲೂ ಉಂಟು. ನಾಳೆ ಮರವೇ ಬಿದ್ದರೆ ಅದೂ ಬಿದ್ದ ಫಸಲೇ. ಆದಿತ್ಯವಾರದವರೆಗೆ ಕಾಯದೆ, ಅವತ್ತೇ ಬಂದು ಉಮ್ಮನ ಮೇಲಿಂದ ಎತ್ತಿಕೊಂಡು ಹೋಗಬೇಕಾದೀತು."

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಮಾತು ಮುಗಿದವರು ಹಾಗೆ ಮಾಡುತ್ತಾರೆ. ನಾನು ಬಿಡಲಿಲ್ಲ.

"ಮರದಲ್ಲಿ ಕಾಯಿ ಇದೆ ಅಂತ ನೋಡ್ತೀರಿ ಸರ್. ದೇಶದಲ್ಲಿ ಕಾಯಿದೆ ಅಂತಲೂ ನೋಡಬೇಕಲ್ವಾ?"

(ನಮ್ಮ ಕಡೆಯವರು 'ಕಾಯಿ ಉಂಟು' ಎನ್ನಬೇಕು. ಶ್ಲೇಷೆಗಾಗಿ ಒಂದು ವಾಕ್ಯದ ಮಟ್ಟಿಗೆ ಘಟ್ಟ ಹತ್ತಿದೆ.)

ಒಳಗಿನಿಂದ ಗ್ಲ್ಯಾಡಿಸ್ ಬಾಯಿಯ ದನಿ ಬಂತು. "ಸರಿಯಲ್ವಾ ಅವರು ಹೇಳುವುದು?"

ಸರ್ ಎದ್ದು ನಿಂತರು. "ಆಯ್ತು ಮಾರಾಯ್ರೇ. ಈ ತಿಂಗಳ ಒಳಗೆ ಕಡಿಸ್ತೇನೆ. ನಿಮ್ಮ ಹತ್ತಿರ ಮಾತಾಡಿ ಗೆಲ್ಲುವವ ಯಾರುಂಟು?"

ಇನ್ನಂಜೆಯ ಮೇಲಿಂದ ವಾಪಸು ಬಂದೆ. ಗದ್ದೆಗಳು ಒಣಗಿದ್ದರೂ ಚೆಂದ ಕಂಡವು. ಹಸ್ನಾಗೆ ಎಲ್ಲವನ್ನೂ ಹೇಳಿದೆ, ದನಿ ಸಮೇತ. ಕಾಯಿದೆಯ ಮಾತಿಗೆ ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಇನ್ನೊಮ್ಮೆ ಹೇಳಿ ಎಂದಳು, ಉಮ್ಮನ ಎದುರು ಮತ್ತೊಮ್ಮೆ ಹೇಳಿಸಿದಳು. ರಾತ್ರಿಗೆ ಅಂಜಲ್ ಮೀನಿನ ಫ್ರೈ. ಮದುವೆಯಾದ ವರ್ಷದ ಹಾಗೆ ನನ್ನ ತಟ್ಟೆಗೆ ದೊಡ್ಡ ತುಂಡು ಬಿತ್ತು.

ಯಾವ ಮಾಲಕನೂ ನನ್ನ ಬಾಯಿ ಕಟ್ಟಲಾರ. ಇದನ್ನು ಶಾಯಿಯಲ್ಲಿ ಬರೆಯುತ್ತಿದ್ದೇನೆ.

೧೪ ಮೇ

"ಯಾವತ್ತು ಬರ್ತಾರಂತೆ ಕಡಿಯುವವರು?"

"ತಿಂಗಳ ಒಳಗೆ ಅಂದಿದ್ದಾರಲ್ಲ."

"ಒಂದು ಫೋನ್ ಮಾಡಿ ನೆನಪಿಸುವ."

ಬೇಡ ಎಂದೆ. ಕಾನೂನಿನಲ್ಲೂ 'ತಕ್ಕ ಸಮಯ' ಎಂಬುದು ಉಂಟು. ಒಮ್ಮೆ ಮಾತು ಕೊಟ್ಟ ಮನುಷ್ಯನನ್ನು ಚುಚ್ಚುತ್ತಾ ಇರಬಾರದು. ಹಸ್ನಾಳ ಮೊಬೈಲಿನಲ್ಲಿ ಗ್ಲ್ಯಾಡಿಸ್ ಬಾಯಿಯ ನಂಬರ್ ಇತ್ತು. ಅದನ್ನು ಅಳಿಸಿದ್ದೇನೆ. ಸುಮ್ಮನೆ ಹೆಂಗಸರೊಳಗೆ ಮಾತು ಬೆಳೆಯುವುದು ಬೇಡ.

ಬಿದ್ದ ಕಾಯಿಗಳನ್ನು ಈಗ ನಾನೇ ಹೆಕ್ಕಿ ಗೋಣಿಯಲ್ಲಿ ಹಾಕಿಡುತ್ತೇನೆ. ಸರ್‌ಗೆ ಪ್ರಾಯವಾಯಿತು, ಬಗ್ಗುವುದು ಕಷ್ಟ.

೧೮ ಮೇ, ಆದಿತ್ಯವಾರ

ಹಸ್ನಾಳನ್ನು ಬೆಳಿಗ್ಗೆಯೇ ಕಾರ್ಕಳದ ಬಸ್ಸಿಗೆ ಹತ್ತಿಸಿದೆ. ಅಲ್ಲಿ ಅವಳ ಅಕ್ಕ ಜುವೈರಿಯಾಳ ಮನೆ. ಪಾಪ, ತಿಂಗಳಿಂದ ಹೋಗಿರಲಿಲ್ಲ. "ಇವತ್ತೇ ಯಾಕೆ? ಸರ್ ಬರುವ ದಿನ ಅಲ್ವಾ?" ಎಂದಳು. ಇವತ್ತು ಬಸ್ಸಿನಲ್ಲಿ ರಶ್ ಇರುವುದಿಲ್ಲ ಎಂದೆ.

ಸರ್ ಬಂದರು. ಗೋಣಿ ನೋಡಿ ಖುಷಿಪಟ್ಟರು. ನಾನೇ ಹೊತ್ತು ಡಿಕ್ಕಿಗೆ ಹಾಕಿದೆ. ಮರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತೀರ್ಮಾನವಾದ ವಿಷಯವನ್ನು ಮತ್ತೆ ಮತ್ತೆ ಆಡುವವರು ಸಣ್ಣ ಜನ.

ಸಂಜೆ ಹಸ್ನಾ ವಾಪಸು ಬಂದವಳು ಅಂಗಳದಲ್ಲಿ ಬಿದ್ದಿದ್ದ ಒಂದು ಕಾಯಿ ಎತ್ತಿಕೊಂಡು ಅಡುಗೆಮನೆಗೆ ಹೊರಟಳು. ನಾನು ಅವಳ ಕೈಯಿಂದ ತೆಗೆದು ಹೊಸ ಗೋಣಿಗೆ ಹಾಕಿದೆ.

"ಎಂತ ಇದು?" ಎಂದಳು.

"ಕರಾರು ಕರಾರೇ."

ಅವಳು ನನ್ನನ್ನು ನೋಡಿದ ರೀತಿ ಸರಿ ಇರಲಿಲ್ಲ. ಬೇರೆಯವರ ವಸ್ತುವನ್ನು ಮುಟ್ಟಬಾರದು ಎಂದರೆ ಇವಳಿಗೆ ಯಾಕೆ ಕೋಪ? ಈ ಕಾಲದಲ್ಲಿ ಇಂಥ ಮಾಲಕರು ಎಲ್ಲಿ ಸಿಗುತ್ತಾರೆ? ಬಾಡಿಗೆದಾರರಿಗೂ ಸ್ವಲ್ಪ ಜವಾಬ್ದಾರಿ ಬೇಕು. ಹಿತ್ತಿಲಿನ ಕಡೆ ಮೀನಿನ ನೀರು ಚೆಲ್ಲಬೇಡ ಎಂದೂ ಹೇಳಿದೆ.

೨೧ ಮೇ

ಮಳೆ. ಈ ವರ್ಷ ಬೇಗ.

ಔಷಧಿ ಕೊಡಲು ಹೋದಾಗ ಉಮ್ಮ ಕೈ ಹಿಡಿದುಕೊಂಡರು. "ಪೊರ್ಬುಗಳಿಗೆ ಹೇಳಿದ್ದೀಯಲ್ಲ ಮಗಾ?"

"ಹೇಳಿದ್ದೇನೆ ಉಮ್ಮ."

"ಹಾಗಾದರೆ ಸಾಕು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

೨೪ ಮೇ, ಶನಿವಾರ

ಮರ ಬಿತ್ತು. ಉಮ್ಮನ ಕೋಣೆಯ ಮೇಲೆ.

೨೭ ಮೇ

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ನಾನು ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗಾಳಿ ಹೆಚ್ಚಾದಾಗ ಹಸ್ನಾ ಉಮ್ಮನನ್ನು ಚಾವಡಿಗೆ ಕರೆತರಲು ಹೋಗಿದ್ದಾಳೆ. ಅವಳು ಬಾಗಿಲು ದಾಟುವ ಮೊದಲು ಮರ ಬಂದಿದೆ. ಮಾಡಿನ ಜಂತಿ ಉಮ್ಮನ ಸೊಂಟದ ಮೇಲೆ. ಅಕ್ಕಪಕ್ಕದವರು ಓಡಿ ಬಂದು ಹಂಚು ಸರಿಸಿ ಹೊರಗೆ ತೆಗೆದರಂತೆ. ಯಾಕೆ ಇವರಿಗೆ ಮನೆ ಕೊಟ್ಟಿರಿ ಎಂದು ಸರ್‌ನಲ್ಲಿ ಕೇಳಿದ್ದವರು ಇವರಲ್ಲಿ ಯಾರೆಂದು ನನಗೆ ಗೊತ್ತಿಲ್ಲ. ಒಬ್ಬರು ತಮ್ಮ ಮುಂಡಾಸು ಬಿಚ್ಚಿ ಉಮ್ಮನ ಕಾಲಿಗೆ ಕಟ್ಟಿದ್ದರು.

ಹೊಸ ಕೀಲು ಮುರಿದಿದೆ, ತೊಡೆಯ ಎಲುಬೂ. ಜೀವಕ್ಕೆ ಅಪಾಯವಿಲ್ಲ. ಇನ್ನು ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು.

ಉಮ್ಮನಿಗೆ ಹೇಳಿಲ್ಲ. ಇವತ್ತು ನರ್ಸ್ ಬೆಡ್‌ಪ್ಯಾನ್ ತಂದಾಗ ಉಮ್ಮ ಕಣ್ಣು ಮುಚ್ಚಿಕೊಂಡರು. ಗೊತ್ತಾಗಿದೆ.

೨೯ ಮೇ

ಲಿಯೋನೆಲ್ ಸರ್ ಬಂದಿದ್ದರು. ಕೈಯಲ್ಲಿ ದ್ರಾಕ್ಷಿ. ಶರ್ಟಿನ ಗುಂಡಿ ತಪ್ಪಿ ಹಾಕಿಕೊಂಡಿದ್ದರು. ವಾರ್ಡಿನ ಹೊರಗೆ ಹಸ್ನಾ ಅವರನ್ನು ತಡೆದಳು.

"ಒಳಗೆ ಹೋಗಬೇಡಿ."

"ಅಮ್ಮಾ, ನಾನು ಒಮ್ಮೆ ನೋಡಿ..."

"ನೋಡಬೇಕಿದ್ದದ್ದು ಮರವನ್ನು. ಹೇಳಿದಾಗ ಯಾಕೆ ಕಡಿಸಲಿಲ್ಲ?"

ಸರ್ ಅವಳನ್ನು ನೋಡಿದರು. "ಹೇಳಿದಾಗ?"

"ಇವರು ನಿಮ್ಮ ಮನೆಗೇ ಬಂದು ಹೇಳಲಿಲ್ವಾ? ಹನ್ನೊಂದನೇ ತಾರೀಕು ಆದಿತ್ಯವಾರ? ತಿಂಗಳ ಒಳಗೆ ಕಡಿಸ್ತೇನೆ ಅಂತ ನೀವು ಮಾತು ಕೊಡಲಿಲ್ವಾ? ಈಗ ನೆನಪಿಲ್ವಾ ನಿಮಗೆ?"

ಸರ್ ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಅವತ್ತು ನಾವು ಮಾತಾಡಿದ್ದು..." ಎಂದರು. ಅಷ್ಟೇ. ಮುಂದಿನದನ್ನು ನಾನು ಹೇಳಲಿ ಎಂಬ ಹಾಗೆ ನಿಂತರು.

ಆಸ್ಪತ್ರೆಯ ನೆಲಕ್ಕೆ ಬೂದು ಬಣ್ಣದ ಟೈಲ್ಸ್ ಹಾಕಿದ್ದಾರೆ. ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ.

"ನೋಡಿ, ಈಗ ಮಾತೇ ಬರುವುದಿಲ್ಲ," ಎಂದಳು ಹಸ್ನಾ. "ಪ್ರಾಯದವರು, ದಿನಾ ಪೂಜೆಗೆ ಹೋಗುವವರು. ಸುಳ್ಳು ಹೇಳಲು ನಾಚಿಕೆ ಆಗ್ಬೇಕು."

ಸರ್ ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, "ಆಯ್ತಮ್ಮಾ," ಎಂದು ದ್ರಾಕ್ಷಿಯನ್ನು ಬೆಂಚಿನ ಮೇಲಿಟ್ಟು ಮೆಟ್ಟಿಲಿಳಿದು ಹೋದರು. ಲಿಫ್ಟ್ ಇತ್ತು. ಹಿಡಿಯಲಿಲ್ಲ.

ತಪ್ಪಿತಸ್ಥರು ಹಾಗೆಯೇ, ಮಾತಾಡುವುದಿಲ್ಲ.

೮ ಜೂನ್, ಆದಿತ್ಯವಾರ

ಕಾರ್ಕಳ. ಜುವೈರಿಯಾಳ ಮನೆಯ ಮುಂದಿನ ಕೋಣೆಯಲ್ಲಿ ಉಮ್ಮನ ಮಂಚ. ನಿನ್ನೆ ಬಕ್ರೀದ್ ಪೆರ್ನಾಲ್. ಉಮ್ಮ ಮಲಗಿದಲ್ಲೇ ನಮಾಜು ಮಾಡಿದರು.

ಇವತ್ತು ಸುಕೇಶ್ ಬಂದಿದ್ದ. ನನ್ನ ಜೊತೆ ಓದಿದವ, ಈಗ ಉಡುಪಿಯಲ್ಲಿ ವಕೀಲ. ಹಸ್ನಾಳೇ ಕರೆಸಿದ್ದು. ಚಹಾ ಕುಡಿಯುತ್ತಾ ನೇರ ವಿಷಯಕ್ಕೆ ಬಂದ.

"ಮಾಲಕರ ಹೊಣೆ ಇದ್ದೇ ಉಂಟು. ಆದರೆ ಅವರ ವಕೀಲ ಮೊದಲು ಕೇಳುವುದು ಒಂದೇ: ನಿಮಗೆ ಯಾರಾದರೂ ತಿಳಿಸಿದ್ದಾರಾ? ನೀನು ಬರೆದು ಎಂತಾದರೂ ಕೊಟ್ಟಿದ್ದೀಯಾ?"

"ಇಲ್ಲ."

"ಕಾನೂನು ಕಲಿಸುವವ ಮಾರಾಯ ನೀನು! ಒಂದು ವಾಟ್ಸ್ಯಾಪ್ ಆದರೂ ಹಾಕಬಾರದಿತ್ತಾ?"

"ಬಾಯಲ್ಲಿ ಹೇಳಿದ್ದಾರೆ," ಎಂದಳು ಹಸ್ನಾ. "ಮನೆಗೇ ಹೋಗಿ."

"ಅದೂ ಆಗ್ತದೆ. ಅವರು ಹೇಗೆ ಹೇಳಿದರು, ಇವ ಹೇಗೆ ಹೇಳಿದ, ಶಬ್ದ ಶಬ್ದವೂ ಬೇಕು."

ಹಸ್ನಾ ನನ್ನನ್ನು ಕಾಯಲಿಲ್ಲ. ತಾನೇ ಶುರು ಮಾಡಿದಳು. ಓರೆಯ ಮಾತು, ಬಿದ್ದ ಫಸಲಿನ ಮಾತು, ಕಾಯಿದೆಯ ಮಾತು. ಲಿಯೋನೆಲ್ ಸರ್ ಕನ್ನಡಕ ಒರೆಸಿದ್ದು, ಗ್ಲ್ಯಾಡಿಸ್ ಬಾಯಿ ಒಳಗಿನಿಂದ ಹೇಳಿದ್ದು. ಒಂದಕ್ಷರ ಬಿಡಲಿಲ್ಲ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಒಳಗಿನ ಮಂಚದಿಂದ ಉಮ್ಮನೂ ದನಿಗೂಡಿಸಿದರು, "ಹೌದು, ನನ್ನ ಮಗ ಹಾಗೇ ಹೇಳಿದ್ದು."

ಸುಕೇಶ್ ನಕ್ಕು ನನ್ನ ಬೆನ್ನಿಗೆ ಹೊಡೆದ. "ಇಷ್ಟೆಲ್ಲ ಮಾತಾಡಿದ್ದು ನೀನೇನಾ? ಕಾಲೇಜಿನಲ್ಲಿ ಪ್ರಿನ್ಸಿಪಾಲರ ಎದುರು ನಿನ್ನ ಹೆಸರೂ ಬರ್ತಿರಲಿಲ್ಲ ಬಾಯಿಗೆ. ಇರಲಿ. ಇದು ನಿಲ್ಲುತ್ತದೆ. ಪೊರ್ಬುಗಳಿಗೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ನಾಳೆ ಸಂಜೆ ಅಫಿಡವಿಟ್ ತಯಾರು ಮಾಡಿ ತರ್ತೇನೆ, ಸಹಿ ಹಾಕು."

ಹಸ್ನಾ ಅವನನ್ನು ಗೇಟಿನವರೆಗೆ ಬಿಟ್ಟು ಬಂದಳು. ಬಂದು ನನ್ನ ಹತ್ತಿರ ಕುಳಿತಳು. ಮರ ಬಿದ್ದ ಮೇಲೆ ಮೊದಲ ಸಲ. "ನೀವು ನಿಮ್ಮ ಕೆಲಸ ಮಾಡಿದ್ದೀರಿ," ಎಂದಳು. "ಅವರು ಮಾಡಲಿಲ್ಲ. ಅಷ್ಟೇ."

೯ ಜೂನ್

ಸಂಜೆಗೆ ಸುಕೇಶ್ ಬರುತ್ತಾನೆ.

ಹನ್ನೊಂದನೇ ತಾರೀಕಿನ ಮಾತುಕತೆ ನಡೆದದ್ದು ನಿಜ. ಕಾಪುವಿನಿಂದ ವಾಪಸು ಬರುವಾಗ, ಇನ್ನಂಜೆಯ ಗದ್ದೆಗಳ ನಡುವೆ, ಸ್ಕೂಟರಿನ ಮೇಲೆ, ನನ್ನ ಹೆಲ್ಮೆಟ್ಟಿನ ಒಳಗೆ. ಸರ್‌ನ ಮಾತುಗಳನ್ನೂ ನಾನೇ ಆಡಿದೆ. ಗ್ಲ್ಯಾಡಿಸ್ ಬಾಯಿಯ ಮಾತನ್ನೂ.

ಜಗಲಿಯಲ್ಲಿ ಆದದ್ದು ಬೇರೆ. ನಾನು ಕುಳಿತೆ. ಗ್ಲ್ಯಾಡಿಸ್ ಬಾಯಿ ಪುನರ್ಪುಳಿ ಶರಬತ್ತು ತಂದುಕೊಟ್ಟರು. ಸರ್ ಯಾರೋ ಒಬ್ಬ ಡಾಕ್ಟರರ ವಿಷಯ ತೆಗೆದರು. ಮಣಿಪಾಲದವರು, ನಮ್ಮ ಮನೆಯನ್ನು ಕೇಳುತ್ತಿದ್ದಾರಂತೆ. "ಒಳಗೆ ಇದ್ದವರನ್ನು ಎಬ್ಬಿಸುವವ ನಾನಲ್ಲ ಅಂತ ಹೇಳಿ ಕಳಿಸಿದೆ," ಎಂದರು. ನಾನು ಶರಬತ್ತು ಕುಡಿದೆ. ಲೋಟದ ತಳದಲ್ಲಿ ಸಕ್ಕರೆ ಉಳಿದಿತ್ತು, ಅದನ್ನೂ ಅಲ್ಲಾಡಿಸಿ ಕುಡಿದೆ. ಹೊರಡಲು ಎದ್ದಾಗ ಅವರೇ ಕೇಳಿದರು.

"ಮಾಸ್ಟ್ರೇ, ಆ ಹಿಂದಿನ ಮರ ಸ್ವಲ್ಪ ಓರೆಯಾದ ಹಾಗೆ ಕಂಡಿತು ನನಗೆ. ಅಮ್ಮನ ಕೋಣೆ ಅಲ್ವಾ ಅಲ್ಲಿ? ಹೆದರಿಕೆ ಇದ್ದರೆ ಹೇಳಿ, ನಾಳೆಯೇ ಕಡಿಸುವ."

ನಾನು ಹೇಳಿದೆ:

"ಎಂತ ಹೆದರಿಕೆಯೂ ಇಲ್ಲ ಸರ್. ಮರ ಗಟ್ಟಿ ಉಂಟು."